ಬೇಲಿಯಾಚೆಯ ಹೆಜ್ಜೆ

“ಸುಮಾ, ಬೇಗ ಬಾರಮ್ಮ! ಟಾಮ್ ತಮ್ಮ ಹುಲ್ಲು ತಾವೇ ತುಳೀತಾ ಇದ್ದಾರೆ!” ಹಿತ್ತಿಲಿನಿಂದ ಮಾವ ಕೂಗಿದ್ದೇ ತಡ, ಆಫೀಸಿನ ಆನ್‌ಲೈನ್ ಮೀಟಿಂಗ್ ಬಿಟ್ಟು ಓಡಿದೆ.

ಲಾಕ್‌ಡೌನ್‌ನಿಂದಾಗಿ ಐರ್ಲೆಂಡಿನ ಅತ್ಲೋನ್‌ನ ನಮ್ಮ ಮನೆಯಲ್ಲೇ ಉಳಿದಿದ್ದ ಮಾವ, ಕಣ್ಣಿಗೆ ಒಳ್ಳೆಯದೆಂದು ಆ ಚಳಿಯಲ್ಲೂ ಬೆಳಗ್ಗೆ ಬರಿಗಾಲಲ್ಲಿ ಲಾನ್ ಮೇಲೆ ನಡೆಯುತ್ತಿದ್ದರು. ಇಬ್ಬನಿ ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಸುಟ್ಟಂತೆ ಕಂದುತ್ತದೆಂದು ಬೇಲಿಯಾಚೆಯಿಂದ ದಿನವೂ ಗದರುತ್ತಿದ್ದವರು ಒಂಟಿಯಾಗಿದ್ದ ವೃದ್ಧ ಟಾಮ್. ಅದೇ ಟಾಮ್ ಈಗ ಮಾವನ ಹೆಜ್ಜೆಗೆ ಹೆಜ್ಜೆ ಸೇರಿಸಿ ಬೇಲಿಯುದ್ದಕ್ಕೂ ನಡೆಯುತ್ತಿದ್ದಾರೆ!

“ಹುಲ್ಲು ಹಾಳಾಗುತ್ತಲ್ಲ?” ಎಂದೆ.

“ಗ್ರ್ಯಾಂಡ್! ಏನೂ ಆಗಲ್ಲ ಬಿಡಿ. ಚಳಿ ಕಳೀಲಿ, ಬೀಜ ಹಾಕಿದ್ರಾಯ್ತು,” ಎಂದು ಟಾಮ್ ನಕ್ಕರು.

ವಿಮಾನ ಸಂಚಾರ ಮತ್ತೆ ಶುರುವಾಗಿ ಮಾವ ಊರಿಗೆ ಹೋದರು. ನಮ್ಮ ಲಾನ್‌ಗೆ ಟಾಮ್ ಅವರೇ ಬಂದು ಬೀಜ ಚೆಲ್ಲಿದರು. ತಮ್ಮ ಕಡೆಯ ಕಂದು ದಾರಿಯನ್ನು ಮಾತ್ರ ಇನ್ನೂ ಹಾಗೇ ಬಿಟ್ಟುಕೊಂಡಿದ್ದಾರೆ.