ಕೆರೆಗೆ ತೆರೆದ ಕಿಟಕಿ

ಆ ಬಾರಿನ ಮಾಳಿಗೆಯಲ್ಲಿ ಕೆರೆಯತ್ತ ತೆರೆದ ಕಿಟಕಿಯೊಂದು ಇತ್ತು ಎಂದು ನಾನು ಹೇಳಿದೆ. ಇರಲಿಲ್ಲ ಎಂದು ನನ್ನ ಗೆಳೆಯ ಹೇಳಿದ.

ನಿಪ್ಪಾಣಿಯ ಬಸ್ ನಿಲ್ದಾಣದ ಎದುರು ಚಹಾದಂಗಡಿಯಲ್ಲಿ ಕೂತು ನಾವು ಮೂವರು ಕೊಲ್ಹಾಪುರದ ಒಂದು ಸಂಜೆಯನ್ನು ಯೋಜಿಸುತ್ತಿದ್ದೆವು. ರಂಕಾಳ ಕೆರೆಯ ಸುತ್ತ ಯಾವ ಬಾರಿನಿಂದ ಶುರು ಮಾಡಿ ಯಾವುದರಲ್ಲಿ ಮುಗಿಸಬೇಕು ಎಂಬ ಮಾತು. ಮೊದಲನೆಯದಕ್ಕೇ ತಕರಾರು ಎದ್ದಿತ್ತು.

"ಕಿಡಕಿ ಎಲ್ಲಿತ್ತಲೇ ಮಾಸ್ತರ? ಎದುರಿಗೆ ಗ್ವಾಡಿ ಇತ್ತು. ಗ್ವಾಡಿ ಮ್ಯಾಲ ಕ್ಯಾಲೆಂಡರ ಇತ್ತು. ನೀ ಕ್ಯಾಲೆಂಡರ ನೋಡಕೋತ ಕುಂದರ್ತಿದ್ದಿ."

"ನೀರಿನ ಮ್ಯಾಲ ದೀಪ ಕಾಣ್ತಿದ್ದು. ನನಗ ಖಾತ್ರಿ ನೆನಪೈತಿ."

"ಎರಡ ಗಿಲಾಸ ಆದಮ್ಯಾಲ ಗ್ವಾಡ್ಯಾಗೂ ದೀಪ ಕಾಣ್ತಾವ."

ಅವನು ಬೇಡಕಿಹಾಳದ ಕಬ್ಬಿನ ರೈತ, ಶಾಲೆಯ ಕಾಲದಿಂದ ನನ್ನ ಗೆಳೆಯ. ನಾನು ಕೊಲ್ಹಾಪುರದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಾಗ ಅವನು ಅಪ್ಪನ ಟೆಂಪೋದಲ್ಲಿ ಬೆಲ್ಲ ಹೇರಿಕೊಂಡು ಅಲ್ಲಿಯ ಪೇಟೆಗೆ ಬರುತ್ತಿದ್ದ. ಬೆಲ್ಲ ಇಳಿಸಿ ಹಾಸ್ಟೆಲ್ಲಿಗೆ ಬಂದು ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದ. ಈಗ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅದೇ ಇತಿಹಾಸ ಕಲಿಸುತ್ತೇನೆ. ಎರಡನೇ ಸಾಕ್ಷಿ ಇಲ್ಲದ ನೆನಪನ್ನು ನಂಬಬೇಡಿ ಎಂದು ಪ್ರತಿವರ್ಷ ಹುಡುಗರಿಗೆ ಹೇಳುತ್ತೇನೆ. ಇಲ್ಲಿ ಎರಡನೇ ಸಾಕ್ಷಿ ಇದ್ದ, ಆದರೆ ಅವನು ನನ್ನ ವಿರುದ್ಧವೇ ಹೇಳುತ್ತಿದ್ದ.

ಮೂರನೆಯವನಿಗೆ ನಿಪ್ಪಾಣಿಯಲ್ಲಿ ದನದ ಔಷಧಿಯ ಅಂಗಡಿ. ಅದಕ್ಕೇ ಅವನನ್ನು ಡಾಕ್ಟರ ಎಂದು ಕರೆಯುತ್ತೇವೆ. ಕಾರು ಅವನದು. "ಕಿಡಕಿ ಇದ್ರೇನು, ಗ್ವಾಡಿ ಇದ್ರೇನು," ಎಂದ ಅವನು, "ಕುಡಿಯಾವರು ನೀವು, ಗಾಡಿ ಹೊಡಿಯಾಂವ ನಾನು. ನನ್ನ ಪಾಲಿಗೆ ಎಲ್ಲಾ ಬಾರೂ ಸೋಡಾದ ಅಂಗಡೀನ."

ಆ ಸಂಜೆ ಬೇಕಾಗಿದ್ದಕ್ಕೆ ಕಾರಣವಿತ್ತು. ಗೆಳೆಯನ ಹೆಂಡತಿ ಹೋಳಿಯ ಮುಂಚಿನಿಂದ ತವರಿನಲ್ಲಿದ್ದಳು. ಯಾವುದೋ ಮದುವೆ ಮುಗಿಸಿ ಬಂದ ಅವಳನ್ನು ಅಥಣಿಯ ಬಸ್ ನಿಲ್ದಾಣದಿಂದ ಕರೆತರುತ್ತೇನೆಂದು ಹೇಳಿದ್ದ ಇವನು ದಾರಿಯಲ್ಲೇ ಎಲ್ಲೋ ಕುಡಿಯಲು ಕೂತುಬಿಟ್ಟಿದ್ದ. ಅವಳು ಹೊತ್ತು ಮುಳುಗುವವರೆಗೆ ಕಾದಳು. ಕೊನೆಗೆ ಬೇಡಕಿಹಾಳದ ಕಡೆಯ ಬಸ್ಸಿಗೆ ಕಾಯುವುದನ್ನು ಬಿಟ್ಟು ಸತ್ತಿಯ ಬಸ್ಸು ಹತ್ತಿದಳು. ಸತ್ತಿ ಅವಳ ತವರು, ಕೃಷ್ಣೆಯ ದಂಡೆಯ ಊರು. ಬೈಗುಳವಿಲ್ಲ, ಪಂಚಾಯ್ತಿಯಿಲ್ಲ. ಒಂದೇ ಮಾತು ಕಳಿಸಿದಳು: ಮಾಳಿ ಹಾಕಿಕೊಂಡರೆ ಬರುತ್ತೇನೆ.

ಮಾಳಿ ಎಂದರೆ ವಿಠೋಬನ ಭಕ್ತರಾದ ವಾರಕರಿಗಳ ತುಳಸಿ ಮಣಿಯ ಸರ. ಅವಳ ತವರಿನವರು ತಲೆಮಾರಿನಿಂದ ಪಂಢರಪುರಕ್ಕೆ ನಡೆಯುವವರು. ಮಾಳಿ ಕೊರಳಿಗೆ ಬಿದ್ದವನು ಹೆಂಡ ಮುಟ್ಟುವಂತಿಲ್ಲ, ಮಾಂಸ ಮುಟ್ಟುವಂತಿಲ್ಲ. ಮುಟ್ಟಿದರೆ ಅದನ್ನು ಹಾಕಿದ ಬುವಾನ, ಅಂದರೆ ಗುರುವಿನ ಎದುರೇ, ಭಜನೆಯ ಜನರ ನಡುವೆ ನಿಂತು, ಸರ ತೆಗೆದು ಕೊಡಬೇಕು. ಹಾಗೆ ತೆಗೆದು ಕೊಟ್ಟವನಿಗೆ ಆ ಊರುಗಳಲ್ಲಿ ಹೆಣ್ಣು ಕೊಡುವುದಿಲ್ಲ, ಮಾತಿಗೆ ಬೆಲೆ ಕೊಡುವುದಿಲ್ಲ. ಬುವಾ ಬಾಯಿ ವಾಸನೆ ನೋಡಿಯೇ ಹಾಕುತ್ತಾನೆ ಎಂದೂ ಕೇಳಿದ್ದೆ. ಸತ್ತಿಯ ಬುವಾ ಮೊಣಕಾಲಿನ ನೋವಿನಿಂದ ಪಂಢರಪುರಕ್ಕೆ ಹೋಗುವುದನ್ನು ಬಿಟ್ಟಿದ್ದ. ಆಷಾಢದ ದ್ವಾದಶಿಯ ಮುಂಜಾನೆ, ಉಪವಾಸ ಬಿಡುವ ಹೊತ್ತಿಗೆ ಬಾ ಎಂದು ಇವನಿಗೆ ಹೇಳಿಕಳಿಸಿದ್ದ.

ನನಗೆ ನಂಬಿಕೆ ಇರಲಿಲ್ಲ. ಬೆಳಗಾವಿಯ ಡಾಕ್ಟರರ ಗುಳಿಗೆಗೆ ಬಿಡದ ಚಟ ತುಳಸಿ ಮಣಿಗೆ ಬಿಡುತ್ತದೆಯೇ ಎಂದು ಅವನ ಮುಂದೆಯೇ ಕೇಳಿದ್ದೆ.

"ಬಿಡತೈತೋ ಇಲ್ಲೋ, ನನಗೂ ಗೊತ್ತಿಲ್ಲ," ಎಂದಿದ್ದ. "ಆದ್ರ ಒಂದ ಸಂಜಿ ಕೊಡ್ರಿ ನನಗ. ಕುಡಿತಕ್ಕ ಛಂದಂಗ ರಾಮ್ ರಾಮ್ ಹೇಳಿ ಬರ್ತೀನಿ. ಕಳ್ಳರಗತೆ ಬಿಟ್ಟು ಓಡಿ ಬಂದ್ರ ಅದು ಬೆನ್ನ ಹತ್ತತೈತಿ."

ಹೀಗಾಗಿ ಮಾಳಿಯ ಹಿಂದಿನ ದಿನದ ಸಂಜೆ ನಿಗದಿಯಾಯಿತು. ನಿಪ್ಪಾಣಿ ಬೇಡ, ಇಲ್ಲಿ ಪ್ರತಿ ಮೇಜಿಗೂ ಅವನ ಪರಿಚಯ. ಕೊಲ್ಹಾಪುರವೇ ಆಗಬೇಕು ಎಂದು ಮೊದಲು ಹೇಳಿದವನು ಅವನೋ ನಾನೋ, ಈಗ ನೆನಪಿಲ್ಲ. ಯೋಜನೆಯ ಹುಚ್ಚು ಹಿಡಿದದ್ದು ಮಾತ್ರ ನನಗೇ. ಆ ವಾರ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಪಾಠದ ನಡುವೆ ಮಾತು ನಿಲ್ಲಿಸಿ ದಾರಿಯ ಲೆಕ್ಕ ಹಾಕುತ್ತಿದ್ದೆ. ಮನೆಯಲ್ಲಿ ಉಣ್ಣುತ್ತ ಎದ್ದು ಫೋನ್ ಮಾಡುತ್ತಿದ್ದೆ.

ಅಂದು ಚಹಾದಂಗಡಿಯ ಮೇಜಿನ ಮೇಲೆ ಚಹಾ ಚೆಲ್ಲಿತ್ತು. ಅದರಲ್ಲೇ ಬೆರಳಾಡಿಸಿ ಕೆರೆ ಬರೆದೆ. ಇಲ್ಲಿ ಕಿಟಕಿಯ ಬಾರು. ಹೊತ್ತು ಮುಳುಗುವುದು ಅಲ್ಲಿ ಆಗಬೇಕು. ಇಲ್ಲಿಂದ ಕೆರೆಯ ಕಟ್ಟೆಯ ಮೇಲೆ ನಡೆದು ಮೀನು ಹುರಿದು ಕೊಡುವ ಎರಡನೆಯದಕ್ಕೆ. ಅವನ ಕಡೆಯ ಮೀನೂ ಅದೇ. ಮೂರನೆಯದು ಹೆದ್ದಾರಿಯ ಬದಿಯ ಪರ್ಮಿಟ್ ರೂಮು ಎಂಬ ಬಾರು, ಕಾರಿನ ಮುಖ ಊರ ಕಡೆ ಇರುವಂತೆ.

"ಮೂರರಾಗ ಮುಗೀತದೇನು?" ಎಂದು ಡಾಕ್ಟರ ಕೇಳಿದ.

"ಮುಂಜಾನಿ ಬುವಾ ಬಾಯಿ ಮೂಸತಾನ," ಎಂದೆ.

"ಏಲಕ್ಕಿ ತಿನಸೂಣು. ನನ್ನ ಅಂಗಡ್ಯಾಗ ಎತ್ತಿನ ಹೊಟ್ಟಿ ಉಬ್ಬರಕ್ಕ ಒಂದು ಎಣ್ಣಿ ಐತಿ. ಅದನ್ನ ಒಂದ ಚಮಚ ಹಾಕಿದ್ರ ಬುವಾ ಹತ್ರಾನ ಬರಂಗಿಲ್ಲ."

ಗೆಳೆಯ ನಗಲಿಲ್ಲ. ಅಂಗಡಿಯವನು ಬಂದು ಅರಿವೆಯಿಂದ ಮೇಜು ಒರೆಸಿದ. ಕೆರೆ ಹೋಯಿತು. ನಾನು ಮತ್ತೆ ಮೊದಲಿಂದ ಹೇಳತೊಡಗಿದೆ.

ಅವನ ಹೆಂಡತಿಯ ಫೋನ್ ಬಂದದ್ದು ಮರುದಿನ, ನಾನು ಕಾಲೇಜಿನ ಮೆಟ್ಟಿಲಿನ ಮೇಲಿದ್ದಾಗ.

"ಅಣ್ಣಾರ, ಕೊಲ್ಹಾಪುರಕ್ಕ ಹೊಂಟೀರಂತಲ್ರಿ?"

"ಸುಮ್ನ ಹಂಗ... ತಿರುಗ್ಯಾಡಿ ಬರೂಣಂತ," ಎಂದೆ.

"ಹೋಗಿ ಬರ್ರಿ. ನಾ ಬ್ಯಾಡ ಅನ್ನಂಗಿಲ್ಲ. ಏಕಾದಶಿ ದಿನಾನ ಹೋಗ್ರಿ, ಬ್ಯಾರೆ ದಿನ ಬ್ಯಾಡ. ಆದ್ರ ದ್ವಾದಶಿ ಮುಂಜಾನಿ ಇವರನ್ನ ಸತ್ತಿಗೆ ತಂದು ಮುಟ್ಟಸೂದು ನಿಮ್ಮ ಜವಾಬ್ದಾರಿ. ಅವತ್ತ ಬರಲಿಲ್ಲಂದ್ರ ನಾ ಮತ್ತೊಮ್ಮಿ ಕಾಯಾಕಿ ಅಲ್ಲ. ಅಥಣಿಯೊಳಗ ಕಾದದ್ದ ಸಾಕು."

ಫೋನ್ ಇಡುವ ಮುನ್ನ ಅವಳು ಸಣ್ಣಗೆ ನಕ್ಕಳು. ನಕ್ಕಳು ಎಂದು ಈಗ ಅನ್ನಿಸುತ್ತದೆ. ಆಗ ಅದು ಬರೀ ಉಸಿರಿನ ಸದ್ದಾಗಿತ್ತೋ ಏನೋ.

ನಮ್ಮ ಗಡಿಯ ಜನಕ್ಕೆ ಒಂದು ರೂಢಿಯಿದೆ. ಚುನಾವಣೆ ಬಂದು ಈ ಕಡೆ ಬಾರುಗಳು ಮುಚ್ಚಿದರೆ ಆ ಕಡೆ ಹೋಗುತ್ತೇವೆ. ಆ ಕಡೆ ಮುಚ್ಚಿದರೆ ಅವರು ಈ ಕಡೆ ಬರುತ್ತಾರೆ. ಎರಡು ಸರ್ಕಾರಗಳ ನಡುವೆ ಬಾಳಿದವನಿಗೆ ಒಂದು ಬಾಗಿಲಾದರೂ ಸದಾ ತೆರೆದಿರುತ್ತದೆ ಎಂಬ ಭರವಸೆ. ಬಂದ್ ಇದೆಯೇ ಎಂದು ನಾವು ವಿಚಾರಿಸುವುದು ನಮ್ಮ ಊರಿನಲ್ಲಿ ಮಾತ್ರ. ಆ ಕಡೆಯದನ್ನು ಕೇಳಿ ತಿಳಿಯುವ ಪ್ರಸಂಗವೇ ನಮಗೆ ಬಂದಿರಲಿಲ್ಲ. ಹೊರಡುವ ಹಿಂದಿನ ದಿನ ಡಾಕ್ಟರ ನಿಪ್ಪಾಣಿಯ ಬಾರೊಂದರಲ್ಲಿ ಕೇಳಿ ಬಂದ: "ನಾಳಿ ಚಾಲೂ ಐತಂತ. ಹೊಂಡೂಣು."

ಏಕಾದಶಿಯ ದಿನ ಮಳೆ ಜಿನುಗುತ್ತಿತ್ತು. ಗೆಳೆಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಮದುವೆಗೆ ಹೊರಟಂತಿದ್ದ. ದಾರಿಯುದ್ದಕ್ಕೂ ನಾನೇ ಮಾತಾಡಿದೆ: ಮೊದಲು ಮೀನಿಗೆ ಹೋದರೆ ಹೇಗೆ, ಕಿಟಕಿಯನ್ನು ನಡುವೆ ಇಟ್ಟರೆ ಹೇಗೆ, ಮೂರನೆಯದನ್ನು ಬಿಟ್ಟರೆ ಹೇಗೆ. ಕಾಗಲ ದಾಟುವ ಹೊತ್ತಿಗೆ ಯೋಜನೆ ತಲೆಕೆಳಗಾಗಿತ್ತು. "ಮಾಸ್ತರ, ಕುಡೀದನ ಅಮಲೇರೇತೇನಲೇ ನಿನಗ?" ಎಂದ ಡಾಕ್ಟರ.

ಕೆರೆಯ ಹತ್ತಿರ ಕಾರು ನಿಲ್ಲಿಸಿದಾಗ ಇನ್ನೂ ಬೆಳಕಿತ್ತು. ನಾನು ಮುಂದೆ ಮುಂದೆ ನಡೆದೆ. ಸಿಕ್ಕ ಮೊದಲ ಬಾರಿನ ಶಟರ್ ಕೆಳಗಿತ್ತು. ಇನ್ನೂ ಹೊತ್ತಾಗಿಲ್ಲ ಎಂದುಕೊಂಡೆ. ಮುಂದಿನದೂ ಕೆಳಗಿತ್ತು. ಅದರ ಮುಂದೆ ಹೂವಿನ ಹಾರ ಹಾಕಿದ ವಿಠೋಬನ ಪಟ ಇಟ್ಟಿದ್ದರು. ಬದಿಯ ಪಾನ್ ಅಂಗಡಿಯವನನ್ನು ಕೇಳಿದೆ.

"ಆಜ್ ಏಕಾದಶಿ ನ್ಹವ ಭಾವು? ಡ್ರಾಯ್ ಡೇ ಹಾಯ್," ಎಂದು ಅವನು ನಮ್ಮ ಮೂವರ ಮುಖವನ್ನೂ ನೋಡಿದ. ಆಷಾಢದ ಏಕಾದಶಿಗೆ ಇಡೀ ಮಹಾರಾಷ್ಟ್ರದಲ್ಲಿ ಬಾರು ಮುಚ್ಚುತ್ತಾರೆ ಎಂಬುದು ಅಲ್ಲಿ ಮಗುವಿಗೂ ಗೊತ್ತು ಎಂಬಂಥ ನೋಟ.

ಡಾಕ್ಟರ ಕಟ್ಟೆಯ ಮೇಲೆ ಕೂತುಬಿಟ್ಟ. "ಲೇ, ನಾಳಿ ಮಾಳಕರಿ ಆಗಾಂವ ನೀನು. ನಿನಗ ಗೊತ್ತಿರಲಿಲ್ಲೇನಲೇ?"

"ಏಕಾದಶಿ ಗೊತ್ತಿತ್ತು. ಬಾಗಲಾ ಹಾಕತಾರಂತ ಗೊತ್ತಿರಲಿಲ್ಲ."

"ಮಾಸ್ತರ, ನೀ ಎರಡ ವರ್ಷ ಇದ್ದ ಊರಲೇ ಇದು!"

ಆ ಎರಡು ವರ್ಷದಲ್ಲಿ ಆಷಾಢದ ಏಕಾದಶಿ ಬರಲೇ ಇಲ್ಲವೇ? ಬಂದಿರಲೇಬೇಕು. ನೆನಪಿನಲ್ಲಿ ಒಂದೂ ಇಲ್ಲ. ಆ ಊರಿನ ಯಾವ ಸಂಜೆಯೂ ನನ್ನ ತಲೆಯಲ್ಲಿ ಮುಚ್ಚಿದ ಬಾಗಿಲಿನದಲ್ಲ.

ಆಮೇಲೆ ಮಾಡಲು ಬೇರೇನೂ ಇರಲಿಲ್ಲ ಎಂದು ಕಿಟಕಿಯನ್ನಾದರೂ ನೋಡೋಣವೆಂದು ಹೊರಟೆವು. ಕಟ್ಟಡ ಸಿಕ್ಕಿತು, ಅಥವಾ ಅದೇ ಎಂದು ಇಬ್ಬರೂ ಒಪ್ಪಿದೆವು. ಕೆಳಗೆ ಮೊಬೈಲ್ ಅಂಗಡಿ ಬಂದಿತ್ತು. ಮೇಲೆ, ಕೆರೆಯ ಕಡೆ, ಗೋಡೆಯಿತ್ತು. ಗೋಡೆಯ ನಡುವೆ ಒಂದಷ್ಟು ಜಾಗದ ಗಿಲಾವು ಬೇರೆ ಬಣ್ಣದ್ದಾಗಿತ್ತು.

"ನೋಡು, ಕಿಡಕಿ ಮುಚ್ಚ್ಯಾರ," ಎಂದೆ.

"ಮಳಿಗೆ ಗಿಲಾವ ಉದುರಿತ್ತು, ಮೆತ್ಯಾರ," ಎಂದ ಅವನು.

ಮಳೆಯಲ್ಲಿ ನಿಂತು ಮೂವರೂ ಆ ಗೋಡೆಯನ್ನು ನೋಡಿದೆವು. ಗಾಡಿಯಂಗಡಿಯಲ್ಲಿ ಚುರುಮುರಿಯ ಭೇಳ ತಿಂದೆವು. ಕೆರೆಯ ಮೇಲೆ ದೀಪಗಳು ಹತ್ತಿಕೊಂಡವು. ಗೆಳೆಯ ಕಟ್ಟೆಯ ಅಂಚಿನಲ್ಲಿ ಒಬ್ಬನೇ ಸ್ವಲ್ಪ ಹೊತ್ತು ನಿಂತಿದ್ದು ಬಂದ. ಬಿಳಿ ಅಂಗಿ ಮೈಗೆ ಅಂಟಿತ್ತು.

ನಿಜವಾದ ಅಪಾಯ ಇನ್ನೂ ಮುಂದಿತ್ತು. ಗಡಿ ದಾಟಿ ನಮ್ಮ ಕಡೆ ಬಂದೊಡನೆ ಹೆದ್ದಾರಿಯ ಬದಿಯಲ್ಲಿ ನಿಪ್ಪಾಣಿಯ ಬಾರುಗಳ ಫಲಕಗಳು ಕೆಂಪಗೆ, ಹಸಿರಾಗಿ ಹೊಳೆಯತೊಡಗಿದವು. ಎಲ್ಲವೂ ಚಾಲೂ. ಡಾಕ್ಟರ ಗಾಡಿಯ ವೇಗ ತಗ್ಗಿಸಿದ. ನನಗೆ ಗೆಳೆಯನ ಹೆಂಡತಿಯ ಮಾತು ನೆನಪಾಯಿತು. ಅದರ ಜೊತೆಗೇ, ನಿಲ್ಲಿಸಲಿ, ಒಂದು ಗ್ಲಾಸಾದರೂ ಆಗಲಿ, ಇಷ್ಟು ದಿನದ ಯೋಜನೆ ಭೇಳದಲ್ಲಿ ಮುಗಿಯದಿರಲಿ ಎಂದೂ ಅನ್ನಿಸುತ್ತಿತ್ತು. "ಏನ್ಮಾಡೂಣು?" ಎಂದು ಕೇಳಿದವನು ನಾನೇ.

ಗೆಳೆಯ ಕಿಟಕಿಯ ಗಾಜು ಇಳಿಸಿ ಹೊರಗೆ ನೋಡಿದ. ಅವನು ದಿನಾ ಕೂರುತ್ತಿದ್ದ ಬಾರು ಎದುರಿಗೇ ಇತ್ತು. ಬಾಗಿಲಲ್ಲಿದ್ದ ವೇಟರ್ ಅವನ ಗುರುತು ಹಿಡಿದು ಕೈ ಎತ್ತಿದ. ಅವನೂ ಕೈ ಎತ್ತಿದ.

"ಹೊಡಿ ಗಾಡಿ," ಎಂದ.

"ಯಾಕಲೇ? ರಾಮ್ ರಾಮ್ ಹೇಳಾಂವ ಇದ್ದಿ?"

"ಇದು ದಿನಾದ್ದು. ಇಲ್ಲಿ ಕುಡದ್ರ ನಾಳಿ ಮತ್ತ ಇಲ್ಲೇ ಬರ್ತೀನಿ. ಹೊಡಿ ಅಂದ್ರ ಹೊಡಿಯಲೇ."

ಡಾಕ್ಟರ ಹೊಡೆದ. ಬೇಡಕಿಹಾಳದವರೆಗೂ ಗೆಳೆಯ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಮರುದಿನ ಮುಂಜಾನೆ ಸತ್ತಿಯಲ್ಲಿ ಬುವಾ ಅವನನ್ನು ಎದುರು ಕೂರಿಸಿಕೊಂಡ. ಬಾಯಿ ಮೂಸಲಿಲ್ಲ. ಅದು ಜನರ ಮಾತಷ್ಟೇ. "ಉಪಾಸ ಮಾಡೀಯೇನು?" ಎಂದು ಕೇಳಿದ. "ಮಾಡೇನ್ರಿ," ಎಂದ ಇವನು. ಭೇಳ ನೆನಪಾಗಿ ಡಾಕ್ಟರ ನನ್ನ ಕಾಲು ತುಳಿದ. ಮಾಳಿ ಕೊರಳಿಗೆ ಬಿತ್ತು. ಊಟವಾದ ಮೇಲೆ ಅವನ ಹೆಂಡತಿ ಚೀಲ ತಂದು ಕಾರಿನಲ್ಲಿ ಇಟ್ಟು, ಏನೂ ಆಗಿಲ್ಲವೆಂಬಂತೆ ಹಿಂದಿನ ಸೀಟಿನಲ್ಲಿ ಕೂತಳು.

ಸರ ಇನ್ನೂ ಕೊರಳಲ್ಲಿದೆ. ನನ್ನ ಅನುಮಾನ ಸೋತಿದೆ ಎನ್ನಲಾರೆ, ಅದು ದಿನವೂ ಹೋಗಿ ಅವನ ಕೊರಳು ನೋಡಿ ಬರುತ್ತದೆ. ಆದರೆ ನಾನು ಹೇಳಹೊರಟದ್ದು ಬೇರೆ. ಅವನೀಗ ಭಜನೆಗೆ ಹೋಗುತ್ತಾನೆ. ಕುಡಿತ ಬಿಡಬೇಕೆನ್ನುವವರು ಮನೆಗೆ ಬರುತ್ತಾರೆ. ಅವರಿಗೆ ಅವನು ತನ್ನ ಕಡೆಯ ಸಂಜೆಯ ಕತೆ ಹೇಳುತ್ತಾನೆ. ಹೋದ ತಿಂಗಳು ನಾನೂ ಇದ್ದೆ. ಮುಗಳಖೋಡದಿಂದ ಒಬ್ಬಾತ ಬಂದಿದ್ದ.

"ಕೊಲ್ಹಾಪುರಕ್ಕ ಹೋಗಿದ್ವಿ," ಎಂದ ನನ್ನ ಗೆಳೆಯ. "ಮೂರು ಬಾರು. ಮೊದಲನೇದ್ರಾಗ ಕೆರಿ ಕಡೆ ಒಂದ ಕಿಡಕಿ ಇತ್ತು. ನೀರಾಗ ದೀಪ ಕಾಣ್ತಿದ್ದು. ಆಮ್ಯಾಲ ಮೀನ ತಿಂದ್ವಿ. ಹೊಟ್ಟಿ ತುಂಬ ಕುಡದೆ. ಗಿಲಾಸ ಬೋರಲ ಹಾಕಿ ಸಾಕಪಾ ಅಂದೆ. ಮುಂಜಾನಿ ಮಾಳಿ. ಇಂದಿನವರೆಗೂ ಮುಟ್ಟಿಲ್ಲ. ಹೌದಲ್ಲ ಮಾಸ್ತರ?"

ಅವನು ನಾನು ಚಹಾದಲ್ಲಿ ಬರೆದ ನಕ್ಷೆಯನ್ನೇ ಹೇಳುತ್ತಿದ್ದ, ಒಂದು ತಿರುವೂ ಬಿಡದೆ. ಕಣ್ಣಲ್ಲಿ ಸುಳ್ಳಿನ ಸುಳಿವಿರಲಿಲ್ಲ. ಮುಗಳಖೋಡದವನು ನನ್ನ ಉತ್ತರಕ್ಕೆ ಕಾಯುತ್ತಿದ್ದ. ಗೆಳೆಯನ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತವರಿನವರ ಜೊತೆ ಹುಟ್ಟಿದಾಗಿನಿಂದ ಪಂಢರಪುರದ ಏಕಾದಶಿ ಕಂಡವಳು, ಅಂದು ಆ ದಿನವನ್ನೇ ಹಿಡಿದು ನಮ್ಮನ್ನು ಕಳಿಸಿದವಳು.

"ಹೇಳ್ರಿ ಅಣ್ಣಾರ," ಎಂದಳು. ಈ ಸಲ ನಕ್ಕದ್ದು ಖಂಡಿತ.

"ಹೌದು," ಎಂದೆ. "ಕಿಡಕಿ ಇತ್ತು."

ಹೇಳುತ್ತಿದ್ದಂತೆ ಆ ಮೂರು ಬಾರುಗಳೂ ಕಣ್ಣ ಮುಂದೆ ಬಂದವು. ಮೀನಿನ ಖಾರ ನಾಲಿಗೆಗೆ ಹತ್ತಿತು. ಚಿಕ್ಕೋಡಿಗೆ ಮರಳುವ ದಾರಿಯಲ್ಲಿ ಗಾಡಿ ಬದಿಗೆ ನಿಲ್ಲಿಸಿ ಡಾಕ್ಟರನಿಗೆ ಫೋನ್ ಹಚ್ಚಿದೆ. ಅಂದು ಭೇಳ ತಿಂದದ್ದು ನಿಜವೇ ಎಂದು ಕೇಳಬೇಕಾಗಿತ್ತು. ಅವನು ಎತ್ತಲಿಲ್ಲ.