ಇಲ್ಲ ಅನ್ನಲಾರದ ಗಾಸ್ಪರೆ

ಸಿಸಿಲಿಯಿಂದ ವಲಸೆ ಬಂದ ನಮ್ಮವರ ಸಂಘದಲ್ಲಿ ಕೆಲಸ ಹಂಚುವ ರೀತಿಯೇ ಬೇರೆ. ಯಾರಿಗೆ ಯಾವುದು ಒಗ್ಗುವುದಿಲ್ಲವೋ ಅದನ್ನೇ ಅವರ ತಲೆಗೆ ಕಟ್ಟುತ್ತಾರೆ. ಎರಡು ಸಾಲು ನೆಟ್ಟಗೆ ಬರೆಯಲಾರದ ನನ್ನನ್ನು ಕಾರ್ಯದರ್ಶಿ ಮಾಡಿದರು. ಹೆಂಡತಿಯ ಜೊತೆಗೂ ಎರಡು ನಿಮಿಷ ಸಮಾಧಾನವಾಗಿ ಮಾತಾಡಲಾರದ ಪೆಲ್ಲೆಗ್ರಿನೊನನ್ನು ಅಧ್ಯಕ್ಷ ಮಾಡಿದರು. ಜೀವಮಾನದಲ್ಲಿ ಯಾರಿಗೂ ‘ಇಲ್ಲ’ ಎಂದವನಲ್ಲದ ಗಾಸ್ಪರೆಯನ್ನು ಎರಡನೇ ಬಾಗಿಲಿಗೆ ನಿಲ್ಲಿಸಿದರು.

ಎರಡನೇ ಬಾಗಿಲಿನ ಕೆಲಸ ಇಷ್ಟೇ. ಮಾರ್ಚ್ ಹತ್ತೊಂಬತ್ತು ಸಂತ ಜೋಸೆಫನ ಹಬ್ಬ. ಸಂಘದ ಹಾಲ್‌ನಲ್ಲಿ ಆ ದಿನ ಊಟದ ಮೇಜು ಸಿಂಗರಿಸುತ್ತೇವೆ. ಊಟಕ್ಕೆ ಮುಂಚೆ ಮೂವರು ಜೋಸೆಫ, ಮರಿಯ, ಬಾಲಯೇಸು ಆಗಿ ಬಂದು ಹಾಲ್‌ನ ಮೂರು ಬಾಗಿಲು ಒಂದೊಂದಾಗಿ ಬಡಿದು ತಂಗಲು ಜಾಗ ಕೇಳಬೇಕು. ಅವರು ಜಾಗ ಸಿಗದೆ ಅಲೆದ ನೆನಪಿಗೆ ಮೊದಲನೇ ಬಾಗಿಲಲ್ಲಿ ಇಲ್ಲ ಅನ್ನಬೇಕು. ಎರಡನೆಯದರಲ್ಲೂ ಇಲ್ಲ ಅನ್ನಬೇಕು. ಮೂರನೆಯದು ತೆರೆಯಬೇಕು. ಆ ಮೂವರು ಮೊದಲ ತುತ್ತು ತಿನ್ನುವ ತನಕ ನಾವ್ಯಾರೂ ಬೆರಳು ಸಹ ನೆಕ್ಕುವಂತಿಲ್ಲ. ಮಿಕ್ಕಿದ್ದೆಲ್ಲ ಚರ್ಚಿನ ಶಾಲೆಯ ನೆಲಮಾಳಿಗೆಯಲ್ಲಿರುವ ನಿರಾಶ್ರಿತರ ತಂಗುದಾಣಕ್ಕೆ ಹೋಗುತ್ತದೆ. ಅದನ್ನು ನಡೆಸುವುದರಲ್ಲಿ ನಮ್ಮ ಸಂಘದ್ದೂ ಒಂದು ಕೈ ಇದೆ.

ಗಾಸ್ಪರೆಯದು ಬಫಲೋ ನಗರದ ಪಶ್ಚಿಮ ಭಾಗದಲ್ಲಿ ಶೂ ರಿಪೇರಿಯ ಅಂಗಡಿ. ಹಿಮ ಬಿದ್ದ ದಿನ ಸೋರುವ ಬೂಟು ಹಾಕಿಕೊಂಡು ಬಂದವರನ್ನೆಲ್ಲ ಕೂರಿಸಿ, ಅಟ್ಟೆ ಬದಲಾಯಿಸಿ, ಕಾಫಿ ಕುಡಿಸಿ ಕಳಿಸುತ್ತಿದ್ದ. ಯಾರೋ ಕೇಳಿದರೆಂದು ಸ್ವಂತ ಕೋಟು ಕೊಟ್ಟು ನಡುಗುತ್ತಾ ಮನೆಗೆ ಹೋದದ್ದು ನನಗೆ ಗೊತ್ತಿರುವಂತೆ ಎರಡು ಸಲ. ಕೊನೆಗೆ ಅವನ ಹೆಂಡತಿ ಅಗ್ರಿಪ್ಪೀನಾ ತಾನೇ ಅಂಗಡಿಯ ಗಲ್ಲಾದ ಮುಂದೆ ಕೂತಳು. ನಾವೆಲ್ಲ ಅವಳನ್ನು ಪೀನಾ ಅನ್ನುತ್ತೇವೆ. ಆಳು ಸಣ್ಣದು, ಗಂಟಲು ದೊಡ್ಡದು.

ಎಂಬತ್ತೇಳನೇ ಇಸವಿಯ ಮೇಜು ಪೀನಾಳ ಹರಕೆಯದು. ಅವರ ಒಬ್ಬಳೇ ಮಗಳು ಓರ್ಸೋಲಾಳ ಬೆನ್ನುಮೂಳೆಯ ಪಕ್ಕದಲ್ಲಿ ಗಡ್ಡೆ ಎದ್ದಿತ್ತು. ಇಪ್ಪತ್ತಾರರ ಹುಡುಗಿ. ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ಕಾಲು ಉಳಿಯುವ ಭರವಸೆ ಇಲ್ಲ ಎಂದಿದ್ದರು ಡಾಕ್ಟರು. ಹಬ್ಬ ಗುರುವಾರ, ಆಪರೇಷನ್ ಸೋಮವಾರ. ಮಗಳು ನಡೆದುಕೊಂಡು ಮನೆಗೆ ಬರಲಿ ಎಂದು ಪೀನಾ ಸಂತ ಜೋಸೆಫನಿಗೆ ಹೇಳಿಕೊಂಡಳು. ಹರಕೆಯ ಮೇಜಿಗೆ ಸಾಮಾನು ಕೊಳ್ಳುವಂತಿಲ್ಲ, ಬೇಡಿಯೇ ತರಬೇಕು. ಯಾರ ಮುಂದೆಯೂ ಕೈ ಒಡ್ಡದ ಆ ಹೆಂಗಸು ಬುಟ್ಟಿ ಹಿಡಿದು ಮನೆ ಮನೆ ಸುತ್ತಿದಳು. ಹಿಟ್ಟು, ಕಡಲೆ, ಮೀನು, ಕಿತ್ತಳೆ, ಎಲ್ಲ ಬೇಡಿ ತಂದಳು. ಅದಕ್ಕೆ ಮುಂಚಿನ ಕೆಲವು ವರ್ಷ ನಮ್ಮ ಮೊಮ್ಮಕ್ಕಳಿಗೇ ವೇಷ ಹಾಕಿಸಿ ಬಾಗಿಲು ಬಡಿಸುತ್ತಿದ್ದೆವು. ಪೀನಾ ಅದನ್ನೂ ಒಪ್ಪಲಿಲ್ಲ.

“ಹಿಂದಿನ ಕಾಲದ ಹಾಗೇ ಆಗ್ಬೇಕು. ನಿಜವಾಗ್ಲೂ ಮನೆ ಇಲ್ಲದವರೇ ಬರ್ಬೇಕು,” ಎಂದಳು.

ಹಾಗಾಗಿ ತಂಗುದಾಣದಿಂದ ಮೂವರು ಬಂದರು. ಡೋರೀನ್ ಎಂಬ ಹೆಂಗಸು, ಅವಳ ಮುದಿ ತಂದೆ, ಆರು ವರ್ಷದ ಮಗಳು ಟ್ಯಾಮಿ. ಆ ಚಳಿಗಾಲದಲ್ಲಿ ಮನೆ ಕಳೆದುಕೊಂಡು ಎಲ್ಲೆಲ್ಲೋ ಅಲೆದು ಬಂದವರು.

ಹಬ್ಬದ ಬೆಳಿಗ್ಗೆ ಪೀನಾ ನನ್ನೆದುರಿಗೇ ಗಂಡನನ್ನು ಹಿಡಿದುಕೊಂಡಳು.

“ನೋಡು, ಪ್ರತೀ ವರ್ಷ ಗೊಣಗಿಬಿಟ್ಟು ಹಿಂದಿನಿಂದ ಮಕ್ಕಳ ಕೈಗೆ ಮಿಠಾಯಿ ತುರುಕ್ತೀಯ. ಈ ಸಲ ಅದೆಲ್ಲ ನಡೆಯಲ್ಲ. ಬೀದಿಗೆಲ್ಲ ಕೇಳೋ ಹಾಗೆ ಹೇಳ್ಬೇಕು. ಇದು ಓರ್ಸೋಲಾ ಹರಕೆ.”

“ಆಯ್ತು ಪೀನಾ.”

“ಆಯ್ತು ಅಲ್ಲ. ‘ಇಲ್ಲ’ ಅನ್ನು ನೋಡೋಣ.”

“ಈಗ್ಲಾ?”

“ನೋಡ್ದ್ಯಾ ಸಿಲ್ವಿಯೊ? ನನ್ನ ಕರ್ಮ!” ಎಂದು ಪೀನಾ ನನ್ನ ಕಡೆ ತಿರುಗಿದಳು.

ಮೊದಲನೇ ಬಾಗಿಲಲ್ಲಿ ಪೆಲ್ಲೆಗ್ರಿನೊ ‘ಇಲ್ಲ ಹೋಗಿ!’ ಎಂದು ಗರ್ಜಿಸಿದ್ದು ನಮಗೆ ಒಳಗಿನ ತನಕ ಕೇಳಿಸಿತು. ಅವನಿಗೆ ಆ ಕೆಲಸ ಹೇಳಿ ಮಾಡಿಸಿದ್ದು. ಮೂವರೂ ಹಿಮದಲ್ಲಿ ಸುತ್ತು ಬಳಸಿ ಪಕ್ಕದ ಬಾಗಿಲಿಗೆ ಬಂದು ಬಡಿದರು. ಒಳಗೆ ಗಾಸ್ಪರೆ, ಅವನ ಬೆನ್ನಿಗೆ ನಾನು.

“ಯಾರು?”

“ಯೇಸು, ಮರಿಯ, ಜೋಸೆಫ,” ಎಂದ ಹೊರಗಿನಿಂದ ಮುದುಕ.

“ಏನು ಬೇಕು?”

“ತಂಗೋಕೆ ಜಾಗ, ತಿನ್ನೋಕೆ ರೊಟ್ಟಿ.”

ಗಾಸ್ಪರೆ ಉಸಿರು ಎಳೆದುಕೊಂಡ. ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಆ ಮಗು ತಾಯಿಗೆ ಹೇಳುವುದು ಕೇಳಿಸಿತು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

“ಅಮ್ಮ, ಇಲ್ಲೂ ಇಲ್ಲ ಅಂತಾರೆ. ಬ್ಯಾಗ್ ನಾನು ಹಿಡ್ಕೋತೀನಿ, ನೀನು ತಾತನ್ನ ಹಿಡ್ಕೊ.”

ದೂರಿರಲಿಲ್ಲ, ಅಳುವಿರಲಿಲ್ಲ. ಅಭ್ಯಾಸವಾಗಿ ಹೋದವರು ಮಾತಾಡುವ ಹಾಗೆ ಮಾತಾಡಿದಳು. ಗಾಸ್ಪರೆಯ ಕೈ ಚಿಲಕದ ಮೇಲಿತ್ತು. “ಬೇಡ ಮಾರಾಯ,” ಎಂದು ನಾನು ತೋಳು ಹಿಡಿಯುವುದರೊಳಗೆ ಬಾಗಿಲು ತೆರೆದೇಬಿಟ್ಟ.

“ಬಾ ಮಗಾ, ಒಳಗೆ ಬಾ. ಅಯ್ಯೋ, ಕಾಲೆಲ್ಲ ನೆಂದುಹೋಗಿದ್ಯಲ್ಲ!”

ಹಾಲ್‌ನಲ್ಲಿದ್ದ ನೂರಿಪ್ಪತ್ತು ಜನರೂ ಕತ್ತು ಚಾಚಿದರು. ಮೂರನೇ ಬಾಗಿಲು ತೆರೆಯಲು ಸಿದ್ಧವಾಗಿ ನಿಂತಿದ್ದ ಪೀನಾ ತಿರುಗಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಆದರೂ ಬಂದ ಮೂವರನ್ನು ನಗುಮುಖದಿಂದಲೇ ಕೈಹಿಡಿದು ಕರೆತಂದು ಕೂರಿಸಿದಳು. ಹುರಿದ ರೊಟ್ಟಿಪುಡಿ ಉದುರಿಸಿದ ಪಾಸ್ತಾ ತಾನೇ ಬಡಿಸಿದಳು. ಬಡಗಿ ಜೋಸೆಫನ ಮರದ ಹೊಟ್ಟು ಎಂದು ನಾವು ಅದನ್ನು ಉದುರಿಸುವುದು. ಟ್ಯಾಮಿ ಮೂರು ಸಲ ಹಾಕಿಸಿಕೊಂಡಳು. ಪೀನಾ ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಹೋದ ಮೇಲೆ ಒಂದೇ ಮಾತು ಹೇಳಿದಳಂತೆ: “ಯಾರ ಮಗಳಿಗೋ ಬಾಗಿಲು ತೆಗೆದೆ. ನನ್ನ ಮಗಳಿಗೆ ಮುಚ್ಚಿದೆ.” ಆಮೇಲೆ ಮಾತು ಬಂದ್.

ಆ ಹರಕೆಯ ಮೇಲೆ ಗಾಸ್ಪರೆಗೆ ನಂಬಿಕೆ ಇಲ್ಲದಿದ್ದರೆ ಹೆಂಡತಿಯ ಸಿಟ್ಟನ್ನು ಹೇಗೋ ತಡೆದುಕೊಳ್ಳುತ್ತಿದ್ದ. ಅವನಿಗೂ ಅಷ್ಟೇ ನಂಬಿಕೆ ಇತ್ತು. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದಾಗ ಮೂರು ದಿನ ನಿದ್ದೆ ಮಾಡಿರದ ಮುಖ.

“ಸಿಲ್ವಿಯೊ, ಒಂದು ‘ಇಲ್ಲ’ ಕಮ್ಮಿ ಬಿದ್ದಿದೆ,” ಎಂದ. “ಅದನ್ನ ನಾನೇ ತುಂಬಿಸ್ತೀನಿ. ಯಾರ ಮನೆಗಾದ್ರೂ ಹೋಗಿ ಜಾಗ ಕೇಳ್ತೀನಿ. ಒಬ್ರು, ಒಬ್ರೇ ಒಬ್ರು ಓಡಿಸಿದ್ರೆ ಸಾಕು. ಹರಕೆ ಪೂರ್ತಿಯಾಗತ್ತೆ. ಮೊದ್ಲು ನೀನೇ ಓಡಿಸು.”

ನಗು ಬಂತು. ಅವನ ಕಣ್ಣು ನೋಡಿ ನುಂಗಿಕೊಂಡೆ. “ಇ…” ಎಂದು ಶುರು ಮಾಡಿದೆ. ಅಷ್ಟರಲ್ಲಿ ನನ್ನವಳು ಒಳಗಿನಿಂದ, “ಗಾಸ್ಪರೇನಾ? ಕಾಫಿ ಇಟ್ಟಿದೀನಿ, ಬಾ ಒಳಗೆ!” ಎಂದು ಕೂಗಿಬಿಟ್ಟಳು. ಅವನು ಹತಾಶನಾಗಿ ನನ್ನ ಮುಖ ನೋಡಿದ. ಕಾಫಿ ಕುಡಿದು ಇಬ್ಬರೂ ಹೊರಟೆವು.

ನೇರ ಫಿಲಿಪ್ಪಾಳ ಮನೆಗೆ ಕರೆದುಕೊಂಡು ಹೋದೆ. ಆ ವಿಧವೆ ಅಂಚೆಯವನಿಗೂ ಬಾಗಿಲು ತೆಗೆಯುವವಳಲ್ಲ. ಸಂಘದ ಚಂದಾಕ್ಕೆ ಹೋದಾಗ ನನ್ನ ಮೇಲೆ ನೀರು ಎರಚಿದ್ದಳು. ಗಾಸ್ಪರೆ ಬಡಿದ.

“ಯಾವನವನು?”

“ನಾನು, ಗಾಸ್ಪರೆ. ತಂಗೋಕೆ ಜಾಗ ಬೇಕಿತ್ತು.”

ಚಿಲಕಗಳು ಒಂದಾದ ಮೇಲೊಂದು ಸರಿದು ಬಾಗಿಲು ತೆರೆಯಿತು. “ಪೀನಾ ಹೊರಗೆ ಹಾಕಿದ್ಲಾ? ಹಾಕ್ಲಿ ಬಿಡು! ನನ್ನ ಗಂಡ ತೀರ್ಕೊಂಡ ವಾರ ನನ್ನ ಮಕ್ಕಳಿಗೆ ಬೂಟು ಮಾಡ್ಕೊಟ್ಟೋನು ನೀನು. ಮಹಡಿ ಕೋಣೆ ಖಾಲಿ ಇದೆ, ಬಾ.”

“ಇಲ್ಲ ಅನ್ನು ಫಿಲಿಪ್ಪಾ, ನಿನ್ನ ದಮ್ಮಯ್ಯ,” ಎಂದು ಗಾಸ್ಪರೆ ಬೇಡಿಕೊಂಡ. ಸಂಗತಿಯೆಲ್ಲ ಹೇಳಿದ. ಅವಳು ಕೇಳಿ, ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು, “ನಂಗಾಗಲ್ಲಪ್ಪ,” ಎಂದಳು. ಅವನ ಕೈಗೆ ನಾಲ್ಕು ಕಿತ್ತಳೆ ಕೊಟ್ಟು ಕಳಿಸಿದಳು.

ಉಳಿದವನು ಪೆಲ್ಲೆಗ್ರಿನೊ. ಮರದ ಚೆಂಡಿನಾಟದಲ್ಲಿ ಯಾರ ಚೆಂಡು ಗುರಿಗೆ ಹತ್ತಿರ ಬಿತ್ತು ಎಂದು ಜಗಳವಾಗಿ, ಅವನೂ ಗಾಸ್ಪರೆಯೂ ಏಳು ವರ್ಷದಿಂದ ಸಂಘದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಇಲ್ಲಾದರೂ ಕೆಲಸ ಆದೀತು ಎಂದುಕೊಂಡೆ. ಪೆಲ್ಲೆಗ್ರಿನೊ ಬಾಗಿಲು ತೆಗೆದವನೇ ಗಾಸ್ಪರೆಯನ್ನು ಮೇಲಿಂದ ಕೆಳಗೆ ನೋಡಿದ. ಕೇಳಿದ್ದನ್ನೆಲ್ಲ ಕೇಳಿಸಿಕೊಂಡ. ಮೀಸೆ ಅದುರಿತು.

“ಗುರುವಾರ ನಾನು ಆ ಮೂವರನ್ನ ಓಡಿಸಿದ್ನಲ್ಲ,” ಎಂದ. “ಅವತ್ತಿಂದ ನಂಗೂ ಊಟ ಸೇರ್ತಿಲ್ಲ ಕಣೋ. ಆ ಮಗೂ ಮುಖ ನೋಡಿದ್ಯಾ? ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ. ಬಾ ಒಳಗೆ. ನಿನ್ನ ಚೆಂಡೇ ಹತ್ರ ಬಿದ್ದಿತ್ತು, ಹೋಗ್ಲಿ!”

ಬೇರೆ ದಿನವಾಗಿದ್ದರೆ ಗಾಸ್ಪರೆ ಕುಣಿಯುತ್ತಿದ್ದ. ಆ ದಿನ ಅವನ ಕಣ್ಣಲ್ಲಿ ನೀರು ತುಂಬಿತು. ಇನ್ನೂ ಒಂಬತ್ತು ಮನೆ ಸುತ್ತಿದೆವು. ಒಂದು ಕಡೆ ಸೂಪು, ಒಂದು ಕಡೆ ವೈನು, ಒಂದು ಕಡೆ ಅಂಜೂರದ ಬಿಸ್ಕತ್ತು. ಇಡೀ ಕೇರಿಯಲ್ಲಿ ಅವನನ್ನು ಹೊರಗೆ ನಿಲ್ಲಿಸುವವರು ಒಬ್ಬರೂ ಸಿಗಲಿಲ್ಲ. ಇಂಥ ಮನುಷ್ಯನಿಗೆ ಇಂಥ ಶಿಕ್ಷೆಯೇ ಎಂದು ನಾನು ಸಂತ ಜೋಸೆಫನಿಗೇ ಮನಸ್ಸಿನಲ್ಲಿ ನಾಲ್ಕು ಮಾತು ಬೈದೆ.

ಸಂಜೆಯಾಯಿತು. ಮತ್ತೆ ಹಿಮ ಶುರುವಾಗಿತ್ತು. ಅವನನ್ನು ಮನೆಗೆ ಬಿಡಲು ಹೋದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಅವನು ಬಡಿದ.

“ಯಾರು?” ಪೀನಾಳ ದನಿ.

ಮೂರು ದಿನದ ಮೇಲೆ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಗಾಸ್ಪರೆ ತಡಬಡಾಯಿಸಿದ.

“ಏನು ಬೇಕು?” ಎಂದಳು ಒಳಗಿನಿಂದಲೇ.

ಆಗ ನನಗೆ ಹೊಳೆಯಿತು. ಫಿಲಿಪ್ಪಾ ಫೋನು ಮಾಡಿ ಎಲ್ಲ ಹೇಳಿಬಿಟ್ಟಿದ್ದಾಳೆ. ಗಾಸ್ಪರೆಗೂ ಅರ್ಥವಾಯಿತು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

“ತಂಗೋಕೆ ಜಾಗ, ತಿನ್ನೋಕೆ ರೊಟ್ಟಿ.”

ಪೀನಾ ಇಡೀ ಬೀದಿಗೆ ಕೇಳುವಂತೆ ಕೂಗಿದಳು.

“ಇಲ್ಲ! ಇಲ್ಲಿ ಜಾಗ ಇಲ್ಲ! ಮುಂದೆ ಹೋಗು!”

ಕೊನೆಯ ಮಾತಿಗೆ ಬರುವಷ್ಟರಲ್ಲಿ ಅಂಥಾ ಗಂಟಲೂ ಒಡೆದುಹೋಗಿತ್ತು. ಗಾಸ್ಪರೆ ಮುಚ್ಚಿದ ಬಾಗಿಲಿಗೆ ತಲೆಬಾಗಿ, ಮೊಣಕಾಲುದ್ದ ಹಿಮದಲ್ಲಿ ಮನೆಯನ್ನು ಸುತ್ತಿಕೊಂಡು ಅಡುಗೆಮನೆಯ ಬಾಗಿಲಿನ ಕಡೆ ನಡೆದ. ನಾನು ಹಿಂದೆ ಹೋಗಲಿಲ್ಲ. ಅವನು ಬಡಿಯುವ ಮೊದಲೇ ಆ ಬಾಗಿಲು ತೆರೆದ ಸದ್ದು ಮಾತ್ರ ಕೇಳಿಸಿತು.

ಸೋಮವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಏಳು ಗಂಟೆ ಕಾಲ ಕೂತಿದ್ದೆವು. ಫಿಲಿಪ್ಪಾ, ಪೆಲ್ಲೆಗ್ರಿನೊ, ನಾನು, ನನ್ನವಳು, ಎಲ್ಲರೂ. ಡಾಕ್ಟರು ಹೊರಗೆ ಬಂದು, ಗಡ್ಡೆ ಪೂರ್ತಿ ತೆಗೆದಿದ್ದೇವೆ, ಎಚ್ಚರವಾಗಿದೆ, ಎರಡೂ ಕಾಲಿನ ಬೆರಳು ಆಡಿಸುತ್ತಿದ್ದಾಳೆ ಎಂದರು. ಪೆಲ್ಲೆಗ್ರಿನೊ ಚಿಕ್ಕ ಮಗುವಿನ ಹಾಗೆ ಅತ್ತ. ನರ್ಸ್ ಬಾಗಿಲನ್ನು ಅರ್ಧ ತೆಗೆದು, ಈಗ ಒಬ್ಬರೇ ಒಳಗೆ ಬರಬಹುದು ಎಂದಳು.

“ಹೋಗು ಪೀನಾ, ತಾಯಿ ನೀನು. ನಾನು ಇಲ್ಲೇ ಇರ್ತೀನಿ,” ಎಂದ ಗಾಸ್ಪರೆ.

ಪೀನಾ ಅವನ ಕೋಟಿನ ಕಾಲರು ಸರಿಮಾಡಿದಳು. ಬೆನ್ನ ಮೇಲೆ ಕೈಯಿಟ್ಟು ಬಾಗಿಲ ಕಡೆ ತಳ್ಳಿದಳು.

“ನೀನೇ ಹೋಗು. ಹೊರಗೆ ನಿಂತಿದ್ದು ಸಾಕು.”