ಬೆರಳು ಹಿಡಿದವರು

ಹಳೆಯ ಫ್ರಿಜ್ಜೊಂದಕ್ಕೆ ಮೂರೂವರೆ ಸಾವಿರ ಕೊಟ್ಟೆ. ಐದಕ್ಕೆ ಪಟ್ಟು ಹಿಡಿದಿದ್ದವನಿಗೆ ಬಾಗಿಲಿನ ರಬ್ಬರು ಸಡಿಲವಾದದ್ದನ್ನು ತೋರಿಸಿ ಇಳಿಸಿದ್ದು. ಕಾಸರಗೋಡಿನ ನನ್ನ ಬಾಡಿಗೆ ಕೋಣೆಗೆ ತಂದು ಅದರೊಳಗೆ ಇಟ್ಟದ್ದು ಒಂದೇ ವಸ್ತು, ಇನ್ಸುಲಿನ್ನಿನ ಪೆಟ್ಟಿಗೆ. ಹಾಲಿಲ್ಲ, ಮೊಸರಿಲ್ಲ, ನಿನ್ನೆಯ ಸಾರಿಲ್ಲ. ಬಾಗಿಲು ತೆರೆದರೆ ದೀಪ ಹತ್ತಿ ಖಾಲಿ ಖಾನೆಗಳು ಕಾಣುತ್ತಿದ್ದವು. ಈ ಊರಿನಲ್ಲಿ ನಾನು ಎಷ್ಟು ಒಬ್ಬಂಟಿ ಎಂಬುದು ಆವತ್ತು ಕಣ್ಣಿಗೆ ಬಿತ್ತು.

ನಾನು ಹಾವೇರಿ ಕಡೆಯವನು. ಊರಿನಲ್ಲಿ ಅಣ್ಣನ ಸಂಸಾರವಿದೆ, ನನ್ನದು ಒಂಟಿ ಜೀವ. ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು ಆಮೇಲೆ ಮೆಣಸಿನಕಾಯಿ ವ್ಯಾಪಾರಕ್ಕೆ ಇಳಿದೆ. ಕರಾವಳಿಯವರಿಗೆ ಸಾರಿನ ಬಣ್ಣಕ್ಕೆ ನಮ್ಮ ಬ್ಯಾಡಗಿ ಕಾಯಿಯೇ ಬೇಕು ಎಂದು ಇಲ್ಲಿಗೇ ಬಂದು ಕೂತೆ. ನಮ್ಮ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಎದುರಿನವನ ಬೆರಳು ಹಿಡಿದು ಒತ್ತುತ್ತೇವೆ, ಎಷ್ಟು ಬೆರಳೋ ಅಷ್ಟು ದರ. ಇಲ್ಲಿನ ಅಂಗಡಿಯವರು ನೇರ ಕೇಳುತ್ತಾರೆ, "ಎಷ್ಟು ಕಮ್ಮಿ ಮಾಡ್ತೀರಿ?" ಟವೆಲ್ ಹೆಗಲ ಮೇಲೆಯೇ ಉಳಿಯಿತು. ಬಾಯಾರಿಕೆ ತಡೆಯಲಾರದೆ, ಮೈ ಇಳಿದು ಆಸ್ಪತ್ರೆಗೆ ಹೋದಾಗ ರಕ್ತ ತೆಗೆದ ನರ್ಸಮ್ಮನೇ ಈ ಊರಿನಲ್ಲಿ ನನ್ನ ಬೆರಳು ಹಿಡಿದ ಮೊದಲನೆಯವರು.

ಡಾಕ್ಟರು ನಿಧಾನವಾಗಿ ತಿಳಿಸಿದರು. "ನಿಮ್ಮ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಕೋಶಗಳುಂಟಲ್ಲ, ಅವು ಸಾಯ್ತಾ ಉಂಟು. ನಿಮ್ಮ ಶರೀರದ ಕಾವಲಿನ ಕೋಶಗಳೇ ಅವಕ್ಕೆ ಸಾಯಿ ಅಂತ ಹೇಳಿದ್ದು."

"ಹೇಳಿದ ಕೂಡಲೇ ಸಾಯ್ತಾವೇನ್ರಿ?"

"ಹೌದು. ಒಡೆದು ಚೆಲ್ಲಿ ಸಾಯುದಲ್ಲ. ಕುಗ್ಗಿ, ತನ್ನನ್ನೇ ಸಣ್ಣ ಸಣ್ಣ ಕಟ್ಟು ಮಾಡಿಕೊಂಡು ಹೋಗುದು. ಗಲಾಟೆಯೇ ಇಲ್ಲ."

ಸರಕು ಕಟ್ಟಿಟ್ಟು ಶಟರ್ ಎಳೆದು ಹೋಗುವ ಅಂಗಡಿಯವನ ಹಾಗೆ ಅಂದುಕೊಂಡೆ.

"ಉಳದದ್ದನ್ನಾದ್ರೂ ಉಳಿಸಿಕೊಡ್ರಿ. ಎಷ್ಟಾದ್ರೂ ಸರಿ."

"ಇದು ವ್ಯಾಪಾರ ಅಲ್ಲ ಮಾರಾಯ್ರೆ. ಇಂಜೆಕ್ಷನ್ ಶುರು ಮಾಡಿದ ಮೇಲೆ ಉಳಿದ ಕೋಶಗಳು ಸ್ವಲ್ಪ ಸಮಯ ಚೇತರಿಸಿಕೊಳ್ತವೆ. ಸಕ್ಕರೆ ಇಳಿಯುತ್ತೆ. ಆಗ ನೀವೇ ಬಿಡ್ಲಿಕ್ಕೆ ಹೋಗ್ಬೇಡಿ."

ಮೊದಲ ಮಾತು ಕಿವಿಗೆ ಬಿತ್ತು, ಕೊನೆಯದು ಬೀಳಲಿಲ್ಲ.

ಸಕ್ಕರೆಗೆ ಮಲಯಾಳದಲ್ಲಿ 'ಪಂಚಸಾರ', ಬೇಡ ಎನ್ನಲು 'ವೇಂಡ'. ಚಹಾದಂಗಡಿಯಲ್ಲಿ "ಪಂಚಸಾರ ವೇಂಡ" ಎಂದು ತಡವರಿಸದೆ ಹೇಳಿದ ದಿನ ನನಗೆ ಸಣ್ಣ ಹೆಮ್ಮೆ. ಆದರೆ ಏಕೆ ಬೇಡ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತನ್ನ ಕಷ್ಟ ತೋರಿಸಿದವನ ಸರಕಿಗೆ ದರ ಬೀಳುತ್ತದೆ ಎಂದು ಸಂತೆ ಕಲಿಸಿತ್ತು. ಕೆಳಗಿನ ಮನೆಯ ಲಲಿತಕ್ಕ, ನನಗೆ ಕೋಣೆ ಕೊಟ್ಟವರು, "ಊಟ ಆಯ್ತಾ?" ಎಂದರೆ "ಆಯ್ತು" ಎಂದು ಮೆಟ್ಟಿಲು ಹತ್ತುತ್ತಿದ್ದೆ.

ಕೆಲವು ತಿಂಗಳಲ್ಲಿ ಸಕ್ಕರೆ ನಿಜಕ್ಕೂ ಇಳಿಯಿತು. ಡಾಕ್ಟರೇ ಇನ್ಸುಲಿನ್ ಕಡಿಮೆ ಮಾಡುತ್ತ ಬಂದರು. ಎದುರಿನವನು ದರ ಇಳಿಸುತ್ತಿದ್ದಾನೆ ಎಂದರೆ ನಾವು ಏನು ಮಾಡುತ್ತೇವೆ? ಬೇಡ ಎಂದು ಎದ್ದು ನಡೆಯುತ್ತೇವೆ, ಅವನು ಹಿಂದಿನಿಂದ ಕರೆಯುತ್ತಾನೆ. ನಾನೂ ಎದ್ದು ನಡೆದೆ. ಯಾರನ್ನೂ ಕೇಳದೆ ಇಂಜೆಕ್ಷನ್ ನಿಲ್ಲಿಸಿದೆ.

ಹಿಂದಿನಿಂದ ಯಾರೂ ಕರೆಯಲಿಲ್ಲ. ಒಂದು ಬೆಳಿಗ್ಗೆ ವಾಂತಿಯಾಗಿ, ಉಸಿರು ಮೇಲಕ್ಕೆಳೆದು, ನೆಲದ ಮೇಲೆ ಬಿದ್ದಿದ್ದೆ. ಕೆಳಗೆ ಮೆಣಸಿನಕಾಯಿ ಚೀಲ ಒಯ್ಯಲು ಬಂದ ಗೂಡ್ಸ್ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ಕೂಗಲು ಬಾಯಿ ಬರಲಿಲ್ಲ. ಹಾರ್ನಿನ ಕಾಟಕ್ಕೆ ಲಲಿತಕ್ಕ ಮೇಲೆ ಬಂದರು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಅದು ನನ್ನ ಪುಣ್ಯ. ತಣ್ಣೀರು ಹುಡುಕಿ ಫ್ರಿಜ್ ತೆರೆದವರು ಹಾಗೇ ನಿಂತರು.

"ಇದೆಂತ ಬಸಪ್ಪಣ್ಣ, ಬರೀ ಮದ್ದು? ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ? ಹೇಳಿದ್ರೆ ನಾವೆಂತ ನಿಮ್ಮ ಮೆಣಸಿಗೆ ಕಮ್ಮಿ ಕೊಡ್ತಿದ್ದೆವಾ?"

ಚೀಲಗಳ ಆಟೋದಲ್ಲೇ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ಐದೂ ಬೆರಳು ಹಿಡಿದಿದ್ದರು. ಮೇಲೆ ಟವೆಲ್ ಇರಲಿಲ್ಲ.

ಬದುಕಿದೆ. ಉಳಿದ ಕೋಶಗಳು ಈಗ ಲೆಕ್ಕಕ್ಕಿಲ್ಲವಂತೆ, ಇಂಜೆಕ್ಷನ್ ಕೊನೆಯವರೆಗೂ, ಸಕ್ಕರೆ ನೋಡಲು ದಿನಾ ಬೆರಳ ತುದಿಗೆ ಸೂಜಿ ಚುಚ್ಚುವುದೂ. ಫ್ರಿಜ್ಜಿನಲ್ಲಿ ಮದ್ದಿನ ಪಕ್ಕಕ್ಕೆ ಲಲಿತಕ್ಕನ ಮೊಸರಿನ ಪಾತ್ರೆ ಬಂದಿದೆ. ಆದರೂ ಅವರ ಮನೆಯವರೆಲ್ಲ ತುಳುವಿನಲ್ಲಿ ನಗುವಾಗ ನಾನು ಅರ್ಧ ಕ್ಷಣ ತಡವಾಗಿ ನಗುತ್ತೇನೆ. ಊರಿಗೆ ಹೋದರೆ ಮಾತೆಲ್ಲ ನನ್ನದೇ. ಆದರೆ ಹಳೆಯ ಜೊತೆಗಾರ ಟವೆಲಿನ ಕೆಳಗೆ ಬೆರಳು ಒತ್ತಿ, "ಯಾಕೋ ಬಸಪ್ಪ, ತುದಿ ಇಷ್ಟು ಗಟ್ಟಿ ಆಗ್ಯಾವ?" ಎಂದರೆ, "ಮೆಣಸಿನಕಾಯಿ ಕೆಲಸ" ಎಂದು ಸುಳ್ಳು ಹೇಳಿ ಬರುತ್ತೇನೆ. ಕಾಯಿಲೆ ಗೊತ್ತಿರುವವರು ಇಲ್ಲಿ, ನನ್ನವರು ಅಲ್ಲಿ.

ಪರವೂರಿಗೆ ಹೊರಟವರಿಗೆ ನನ್ನ ಮಾತು ಇಷ್ಟೇ. ಬಾಡಿಗೆಗೆ, ಫ್ರಿಜ್ಜಿಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಮದ್ದಿಗೆ ಬೇಡ. ಸಕ್ಕರೆ ಇಳಿದರೆ ಖುಷಿಪಡಿ, ಇಂಜೆಕ್ಷನ್ ಮಾತ್ರ ಡಾಕ್ಟರನ್ನು ಕೇಳದೆ ಬಿಡಬೇಡಿ. ಕೆಳಗಿನ ಮನೆಯವರಿಗೆ ಮೊದಲ ವಾರವೇ ಹೇಳಿಡಿ. ನಮ್ಮೂರಿನವರು ಇದನ್ನು ಓದಿದರೆ, ಮುಂದಿನ ಸಂತೆಯಲ್ಲಿ ನನ್ನ ಬೆರಳು ಸ್ವಲ್ಪ ಮೆಲ್ಲಗೆ ಒತ್ತಿ. ನೋಯುತ್ತವೆ.